ಉಕ್ಕದ ಹಾಲು

ನೆಲೆಯಂತ್ರದ ಟೊಪ್ಪಿಗೆಯನ್ನು ತಲೆಗೆ ಇಳಿಸಿದಾಗ ಕಸ್ತೂರವ್ವ ಮೊದಲು ಮಾಡಿದ ಕೆಲಸವೆಂದರೆ, ತಮ್ಮ ತೆಳ್ಳಗಿನ ಹೆರಳನ್ನು ಅದರಡಿಯಿಂದ ಎಳೆದು ಭುಜದ ಮೇಲೆ ಹಾಕಿಕೊಂಡದ್ದು. ಆಮೇಲೆ ಎದುರಿಗೆ ನಿಂತಿದ್ದ ತಂತ್ರಜ್ಞನನ್ನು ಗದರಿದರು.

"ಬಾಗಲಾಗ ನಿಂದರಬ್ಯಾಡ್ರಿ. ಒಳಗ ನಡೀರಿ, ಒಳಗ. ಹಿಂದ ಮಂದಿ ಅದಾರ."

ಅವರು ಸೇವೆಯ ಕಾಲವಿಡೀ ಬಸ್ ಕಂಡಕ್ಟರ್ ಆಗಿದ್ದವರು. ಹುಬ್ಬಳ್ಳಿಯಿಂದ ಹೊರಡುವ ಬಸ್ಸುಗಳಲ್ಲಿ ನಿಂತು, ಜನರನ್ನು ಮುಂದೆ ಸರಿಸಿ, ಬಸುರಿಯರಿಗೂ ಮುದುಕಿಯರಿಗೂ ಸೀಟು ಬಿಡಿಸಿ ಕೊಟ್ಟವರು. ಈಗ ಊರುಗಳ ಹೆಸರು ಮರೆತಿದ್ದವು, ಮಗನ ಹೆಸರು ಮರೆತಿತ್ತು. ಕಂಡಕ್ಟರಿಕೆ ಮಾತ್ರ ಮರೆತಿರಲಿಲ್ಲ.

ಒಳಗಿನವರಿಗೆ ಹೊರಗು ಕಾಣದ ಗಾಜಿನಾಚೆ ನಿಂತು ನೋಡುತ್ತಿದ್ದ ಸೊಸೆ ಸಿಂಚನಾಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಒಳಗೆ ಹೋಗಲು ಅವಳಿಗೆ ಅನುಮತಿಯಿರಲಿಲ್ಲ. ಅವಳ ಗಂಡ ನಿಶಾಂತನಿಗೂ ಇರಲಿಲ್ಲ. ಯಂತ್ರ ನಡೆಯುವಾಗ ಮನೆಯವರು ಕಣ್ಣಿಗೆ ಬೀಳಬಾರದು ಎಂಬುದು 'ನೆಮ್ಮದಿ' ನಿವಾಸದ ನಿಯಮ.

ಆ ನಿಯಮಕ್ಕೆ ಕಾರಣ ಯಂತ್ರ ಕೆಲಸ ಮಾಡುವ ರೀತಿಯಲ್ಲೇ ಇತ್ತು. ಮನುಷ್ಯನ ಮಿದುಳಿನಲ್ಲಿ ನೆನಪು ಬೇರೆ, ಪರಿಚಯಭಾವ ಬೇರೆ. ಮಗಳ ಹೆಸರನ್ನು ಮರೆತ ತಾಯಿಯೂ ಅವಳ ಕಾಲಸಪ್ಪಳ ಕೇಳಿದರೆ ಹಗುರಾಗುತ್ತಾಳೆ. ಯಾರು ಎಂದು ತಿಳಿಯದಿದ್ದರೂ 'ನಮ್ಮವರು' ಎಂದು ತಿಳಿಯುತ್ತದೆ. ಮರೆಗುಳಿ ಕಾಯಿಲೆಯಲ್ಲಿ ನೆನಪು ಅಳಿದ ಮೇಲೂ ಈ ಭಾವದ ಜಾಲ ಬಹುಕಾಲ ಉಳಿದಿರುತ್ತದೆ. ಟೊಪ್ಪಿಗೆಯೊಳಗಿನ ಸುರುಳಿಗಳು ಮೆಲುವಾದ ಕಾಂತಮಿಡಿತಗಳಿಂದ ಆ ಜಾಲವನ್ನು ಎಚ್ಚರಿಸುತ್ತವೆ. ಆ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು ಎಲ್ಲಕ್ಕೂ 'ಇದು ನನ್ನದು' ಎಂಬ ಮುದ್ರೆ ಬೀಳುತ್ತದೆ. ಹೊಸ ಕೋಣೆಯ ಗೋಡೆ, ಕಿಟಕಿ, ಹಾಸಿಗೆಯನ್ನು ಹೀಗೆ ಪರಿಚಿತವಾಗಿಸುವುದಕ್ಕೆ ನೆಲೆನಾಟಿ ಎಂದು ಹೆಸರು. ಆಗ ಮಗನೋ ಸೊಸೆಯೋ ಎದುರಿಗಿದ್ದರೆ ಮುದ್ರೆ ಅವರ ಮೇಲೂ ಬೀಳುತ್ತದೆ. ನಾಳೆ ಅವರು ಕಾಣದಿದ್ದಾಗ ಕೋಣೆ ಪರಕೀಯವೆನಿಸುತ್ತದೆ. ಅದಕ್ಕೇ ಅವರು ಹೊರಗೆ.

ಈ ಯಂತ್ರ ಬರುವುದಕ್ಕೆ ಮುಂಚಿನ ಸ್ಥಿತಿಯನ್ನು ಸಿಂಚನಾ ಬಲ್ಲಳು. ಇಂಥ ನಿವಾಸಗಳಿಗೆ ಸೇರಿದವರು ವಾರಗಟ್ಟಲೆ ಅಳುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು, ಅನ್ನ ಬಿಡುತ್ತಿದ್ದರು, ಬಿದ್ದು ಸೊಂಟ ಮುರಿದುಕೊಳ್ಳುತ್ತಿದ್ದರು. ಆ ಸಂಕಟ ಕಡಿಮೆಯಾದದ್ದು ನಿಜ. ಅವಳ ಸಿಟ್ಟಿಗೆ ಕಾರಣ ಬೇರೆಯಿತ್ತು. ಯಂತ್ರದ ಬೆನ್ನಿಗೇ ಒಂದು ಕಾನೂನು ಬಂದಿತ್ತು: ತಮ್ಮ ಒಪ್ಪಿಗೆ ಹೇಳಲಾಗದ ವ್ಯಕ್ತಿ ಒಂದು ವಾರ ಕಾಲ 'ಮನೆಗೆ ಹೋಗಬೇಕು' ಎಂದು ಕೇಳದಿದ್ದರೆ ಅವರನ್ನು ನೆಲೆಗೊಂಡವರೆಂದೂ, ಆದ್ದರಿಂದ ಒಪ್ಪಿದವರೆಂದೂ ಪರಿಗಣಿಸತಕ್ಕದ್ದು. ಬಾಯಿ ಮುಚ್ಚಿದ್ದನ್ನೇ ಒಪ್ಪಿಗೆ ಎಂದು ಬರೆದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂದು ಅವಳಿಗೆ ಆಸೆ.

ಹಾಗೆಂದು ಅತ್ತೆಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸ್ನಾನದ ಮನೆಯಲ್ಲಿ ಜಾರಿದ ಕಸ್ತೂರವ್ವನನ್ನು ಎತ್ತಲು ಹೋಗಿ ಅವಳ ಬೆನ್ನುಮೂಳೆಯ ತಟ್ಟೆಯೊಂದು ಸರಿದಿತ್ತು. ಇನ್ನೊಮ್ಮೆ ಭಾರ ಎತ್ತಿದರೆ ಕಾಲು ಹೋಗುತ್ತದೆ ಎಂದು ಶಸ್ತ್ರಚಿಕಿತ್ಸಕರು ಸ್ಪಷ್ಟವಾಗಿ ಹೇಳಿದ್ದರು. ಬಾಡಿಗೆಗೆ ಪಡೆದ ಎತ್ತುವ ಯಂತ್ರವನ್ನು ಕಂಡರೆ ಅತ್ತೆ ಕಿರುಚುತ್ತಿದ್ದರು. ನಿವಾಸಕ್ಕೆ ಸೇರಿಸುವುದು ಅನಿವಾರ್ಯ ಎಂಬುದನ್ನು ಅವಳು ಒಪ್ಪಿದ್ದಳು. ಸೇರಿಸುವ ರೀತಿಯನ್ನು ಒಪ್ಪಿರಲಿಲ್ಲ. ಆದರೆ ಸೊಸೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಸಹಿ ಹಾಕುವ ಹಕ್ಕು ರಕ್ತಸಂಬಂಧಿಗೆ, ಅಂದರೆ ನಿಶಾಂತನಿಗೆ.

ಅಂಥ ನಿಶಾಂತ ಆ ಬೆಳಗ್ಗೆ ಒಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿದಿದ್ದ.

"ಹಾಲು ಉಕ್ಕಿಸದನ ಅವ್ವನ್ನ ಹೊಸ ಜಾಗಾದಾಗ ಕೂಡಸ್ಲಿಕ್ಕೆ ನನಗ ಮನಸ್ಸಿಲ್ಲ ನೋಡ್ರಿ" ಎಂದು ವ್ಯವಸ್ಥಾಪಕ ಶ್ರೇಯಸ್ ಹೂಲಿಯವರ ಮುಂದೆ ನಿಂತಿದ್ದ. "ಅಕ್ಷಯ ತದಿಗಿ ಅಂತ ದಿನಾ ನೋಡಿ ಕರಕೊಂಡು ಬಂದೀನಿ."

"ಸರ, ಇಲ್ಲಿ ಒಲಿ ಹಚ್ಚೂಹಂಗಿಲ್ರಿ."

"ನೀವು ಹೊಸ ಮನಿ ತಗೊಂಡ್ರ, ಹಾಲು ಉಕ್ಕಿಸದನ ಒಳಗ ಹೋಗ್ತೀರೇನು?"

ಹೂಲಿಯವರೂ ಈ ಕಡೆಯವರೇ. ಕಡೆಗೆ ನರ್ಸುಗಳು ಚಹಾ ಮಾಡಿಕೊಳ್ಳುವ ಪುಟ್ಟ ಕೋಣೆಯಲ್ಲಿ ವಿದ್ಯುತ್ ಒಲೆಯೊಂದನ್ನು ತೋರಿಸಿದರು. "ಲಗೂ ಮುಗಿಸ್ರಿ. ಯಾರಿಗೂ ಹೇಳಬ್ಯಾಡ್ರಿ."

ತಾಯಿಯ ಮಿದುಳನ್ನು ಯಂತ್ರಕ್ಕೆ ಒಪ್ಪಿಸುವಾಗ ಎರಡನೇ ಮಾತು ಆಡದ ಮನುಷ್ಯ, ಒಂದು ಪಾತ್ರೆ ಹಾಲಿನ ವಿಷಯದಲ್ಲಿ ಇಷ್ಟು ಹೆದರುತ್ತಾನಲ್ಲ ಎಂದುಕೊಳ್ಳುತ್ತ ಸಿಂಚನಾ ಗಾಜಿನ ಬಳಿಯಿಂದ ಹೋಗಿ ಪಾತ್ರೆ ಇಟ್ಟಳು. ಹಾಲು ಕೆನೆಗಟ್ಟಿ, ಉಬ್ಬಿ, ಅಂಚು ದಾಟಿ, ಕೆಂಪಗೆ ಕಾದ ಸುರುಳಿಯ ಮೇಲೆ ಬಿತ್ತು. ಚುರ್ರೆಂದು ಹೊಗೆ ಎದ್ದಿತು. ಸೀದ ಹಾಲಿನ ವಾಸನೆ ಆ ಕೋಣೆಯನ್ನು ತುಂಬಿ, ಗಾಳಿಕೊಳವೆಯ ಜಾಲರಿಯೊಳಗೆ ನುಗ್ಗಿತು. ನರ್ಸೊಬ್ಬಳು ಕೆಮ್ಮಿ ನಕ್ಕಳು. ಸಿಂಚನಾ ಗಾಜಿನ ಬಳಿಗೆ ಮರಳಿದಾಗ ಕಸ್ತೂರವ್ವ ಮೂಗು ಎತ್ತಿ, ಕಣ್ಣು ಅಗಲಿಸಿ, ಯಾರನ್ನೋ ಹುಡುಕುವವರಂತೆ ಸುತ್ತ ನೋಡುತ್ತಿದ್ದರು. ಏನೋ ಪಿಸುಗುಟ್ಟಿದರು. ಗಾಜಿನಾಚೆಗೆ ಕೇಳಿಸಲಿಲ್ಲ.

ವಾರ ತುಂಬುವ ಮೊದಲೇ ಹೂಲಿಯವರ ಕರೆ ಬಂತು. ನಾಟಿ ಹಿಡಿದಿಲ್ಲ ಎಂದರು. ಕಸ್ತೂರವ್ವ ತಮ್ಮ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಬಾಗಿಲಿಂದ ಬಾಗಿಲಿಗೆ ಹೋಗಿ "ಮನಿಗೆ ಹೋಗೂಣ ನಡೀರಿ" ಎನ್ನುತ್ತಿದ್ದರು. ಅವರೊಬ್ಬರೇ ಅಲ್ಲ. ಅಕ್ಷಯ ತದಿಗೆಯ ದಿನ ಬಂದು ಸೇರಿದ್ದ ಎಲ್ಲರದೂ ಇದೇ ಕಥೆ. ಬೇರೆ ದಿನಗಳಲ್ಲಿ ಸೇರಿದವರು ಮಾತ್ರ ತಮ್ಮ ತಮ್ಮ ಕೋಣೆಗಳಲ್ಲಿ ಸದ್ದಿಲ್ಲದೆ ಕೂತಿದ್ದರು.

ಗಂಡಹೆಂಡತಿ ಹೋದಾಗ ಹೂಲಿಯವರ ಕೋಣೆಯಲ್ಲಿ ಇನ್ನೊಬ್ಬರಿದ್ದರು. ಡಾಕ್ಟರ್ ಮುಬೀನಾ ನದಾಫ್. ಧಾರವಾಡದ ಪ್ರಯೋಗಾಲಯವೊಂದರಲ್ಲಿ ನೆಲೆಯಂತ್ರವನ್ನು ರೂಪಿಸಿದವರು ಅವರೇ. ಕೆಟ್ಟದ್ದೇನು ಎಂದು ಪರೀಕ್ಷಿಸಲು ಬಂದಿದ್ದರು.

"ಯಂತ್ರ ಸರಿ ಅದ" ಎಂದರು ಅವರು. "ಕೆಟ್ಟದ್ದು ಗಾಳಿ. ಆ ದಿನ ಇಲ್ಲಿ ಯಾರರೇ ಏನರೇ ಸುಟ್ಟಿದ್ರೇನು?"

ಹೂಲಿಯವರು ಕಿಟಕಿ ನೋಡಿದರು. ನಿಶಾಂತ ನೆಲ ನೋಡಿದ. ಸಿಂಚನಾ ಹೇಳಿದಳು.

ಮುಬೀನಾ ಹಣೆ ಒತ್ತಿಕೊಂಡು ನಕ್ಕರು. "ನಮ್ಮ ಮನ್ಯಾಗೂ ಉಕ್ಕಸ್ತೀವಿ. ನನಗ ಹೊಳೀಬೇಕಾಗಿತ್ತು."

"ವಾಸನಿಗೂ ನಾಟಿಗೂ ಏನ್ರಿ ಸಂಬಂಧ?" ಎಂದಳು ಸಿಂಚನಾ.

"ನೋಡ್ರಿ, ಕಂಡದ್ದು ಕೇಳಿದ್ದು ಮಿದುಳಿನ್ಯಾಗ ಒಂದು ಚೌಕಿ ದಾಟಿ ಹೋಗಬೇಕು. ವಾಸನಿಗೆ ಆ ಚೌಕಿ ಇಲ್ಲ, ಸೀದಾ ಒಳಗ ಹೋಗ್ತದ. ಈ ಕಾಯಿಲೆಯೊಳಗ ಮೂಗು ಭಾಳ ಮೊದಲ ಮಂದ ಆಗ್ತದಂತ ನಾವು ಅದರ ಕಡೆ ಲಕ್ಷ್ಯಾನ ಕೊಡಲಿಲ್ಲ. ಕೋಣಿಗಳಿಗೆ ವಾಸನಿ ಇಲ್ಲದ ಗಾಳಿ ಬಿಟ್ಟು ಕೈ ತೊಳಕೊಂಡ್ವಿ. ಮಂದ ಆದ ಮೂಗಿಗೂ ಮುಟ್ಟುವಷ್ಟು ಜೋರ್ ಇತ್ತು ನಿಮ್ಮ ಹಾಲು. ಒಂದೇ ಗಾಳಿಕೊಳವಿ, ಎಲ್ಲಾ ಕೋಣಿಗೂ ಹೋಗೇದ. ಮುದ್ರಿ ಗೋಡಿ ಮ್ಯಾಲೆ ಬೀಳೂದು ಬಿಟ್ಟು ಹಾಲಿನ ಮ್ಯಾಲೆ ಬಿದ್ದದ. ಈಗ ಇವರಿಗೆಲ್ಲಾ ಮನಿ ಅಂದ್ರ ಆ ವಾಸನಿ. ಅದು ಇಲ್ಲಿಲ್ಲ. ಅದಕ್ಕ ಹುಡುಕ್ಲಿಕ್ಕೆ ಹತ್ಯಾರ."

"ಇದಕ್ಕೇನ ಉಪಾಯ?" ಎಂದ ನಿಶಾಂತ.

"ಮರುನಾಟಿ" ಎಂದು ಹೂಲಿಯವರು ಕಾಗದವನ್ನು ಮುಂದೆ ಸರಿಸಿದರು. "ಹಿಂದಿನ ಮುದ್ರಿ ಅಳಿಸಿ ಹೊಸಾದು ಹಾಕೂದು. ನೀವು ಸಹಿ ಮಾಡಿದ್ರ ಇವತ್ತ ಮುಗಸ್ತೀವಿ."

ನಿಶಾಂತ ಪೆನ್ನು ತೆಗೆದ. ಸಿಂಚನಾ ಕಾಗದದ ಮೇಲೆ ಕೈಯಿಟ್ಟಳು.

"ಅಳಸಬೇಕಾದ್ರ ಹಾಲೊಂದ ಅಳಸ್ತದೇನು?"

ಹೂಲಿಯವರು ಬಾಯಿ ತೆರೆದರು. ಮುಬೀನಾ ಅವರಿಗಿಂತ ಮೊದಲೇ ಹೇಳಿದರು. "ಇಲ್ಲ. ಕಳೆ ಕೀಳುವಾಗ ಪಕ್ಕದ ಸಸಿನೂ ಕಿತ್ತು ಬರ್ತಾವು. ಯಾವು ಬರ್ತಾವು ಅಂತ ಮೊದಲ ಹೇಳಲಿಕ್ಕೆ ಬರೂದಿಲ್ಲ."

"ಅತ್ತಿಯೊಳಗ ಇನ್ನ ಯಾವ ಸಸಿ ಉಳಿದಾವು, ಅದನ್ನರೇ ತೋರಸ್ರಿ."

ಮುಬೀನಾ ಎಲ್ಲರನ್ನೂ ಕಸ್ತೂರವ್ವನ ಕೋಣೆಗೆ ಕರೆದೊಯ್ದು ತೋರಿಸಿದರು. ಕಸ್ತೂರವ್ವನ ಹಣೆಗೆ ತೆಳುವಾದ ಪಟ್ಟಿಯೊಂದನ್ನು ಕಟ್ಟಿದರು. ಪಕ್ಕದ ಪರದೆಯ ಮೇಲೆ ಪರಿಚಯಭಾವದ ಗೆರೆ ಮೂಡಿತು. ಕೋಣೆಯ ಗೋಡೆ, ಹಾಸಿಗೆ, ಕಿಟಕಿಗಳಿಗೆ ಗೆರೆ ಅಲುಗಲಿಲ್ಲ. ನಿಶಾಂತ ಬಗ್ಗಿ "ಅವ್ವಾ" ಎಂದ. ಗೆರೆ ಒಂದಿಷ್ಟು ನಡುಗಿ ಮಲಗಿತು. ಅವನು ಮತ್ತೊಮ್ಮೆ ಕರೆದ. ಮತ್ತೆ ಅಷ್ಟೇ. ಸಿಂಚನಾ ಕರೆದರೂ ಅಷ್ಟೇ.

ಅವಳಿಗೆ ಪರದೆಯ ಮೇಲೆ ಸಿಟ್ಟು ಬಂತು. ಗೆರೆ ನೋಡುವುದನ್ನೇ ಬಿಟ್ಟು, ಅತ್ತೆಯ ಬಿಚ್ಚಿಹೋಗಿದ್ದ ಕೂದಲನ್ನು ನೋಡಿದಳು. ಇಲ್ಲಿ ಯಾರೂ ಹೆರಳು ಹಾಕಿರಲಿಲ್ಲ. ಹಿಂದೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಬಿಟ್ಟಿದ್ದರು. ಅದನ್ನು ಕಿತ್ತು, ಬೆರಳಲ್ಲೇ ಸಿಕ್ಕು ಬಿಡಿಸಿ, ಮೂರು ಕಾಲು ಮಾಡಿ ಹೆಣೆಯತೊಡಗಿದಳು. ಮನೆಯಲ್ಲಿ ದಿನಾ ಬೆಳಗ್ಗೆ ಮಾಡುತ್ತಿದ್ದ ಕೆಲಸ. ಕಸ್ತೂರವ್ವ ಕುತ್ತಿಗೆ ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದರು.

"ಸಿಂಚನಾ" ಎಂದರು ಮುಬೀನಾ ಮೆಲ್ಲಗೆ. ಗೆರೆ ಪರದೆಯ ಮೇಲಂಚಿಗೆ ಹತ್ತಿ ನಿಂತಿತ್ತು. ಸಿಂಚನಾ ಕೈ ನಿಲ್ಲಿಸಿದಳು. ಗೆರೆ ಇಳಿಯಿತು. ಹೆಣೆದಳು. ಏರಿತು.

"ಮರುನಾಟಿ ಮಾಡಿದ್ರ ಇದೂ ಹೋಗಬಹುದೇನ್ರಿ?"

"ಹೋಗಬಹುದು."

ಸಿಂಚನಾ ಗಂಡನ ಕಡೆ ತಿರುಗಿದಳು. "ಕೇಳಿದೇನು? ನಿನ್ನ ದನಿ ಹೋತು, ನನ್ನ ದನಿ ಹೋತು, ಹೆಸರು ಎಂದೋ ಹೋಗ್ಯಾವು. ಈ ಕೈ ಒಂದ ಉಳದದ. ಅದನ್ನೂ ಕಿತ್ತು ಹಾಕಿದ್ರ ಅತ್ತಿ ಸುಮ್ಮನ ಕೂಡ್ತಾರ. ಆಗ ಕಾನೂನಿನ ಪ್ರಕಾರ ಒಪ್ಪಿದಂಗ! ಹಾಕು, ಸಹಿ ಹಾಕು."

"ನಾ ಏನ್ ಬೇಕಂತ ಮಾಡಾಕ ಹತ್ತೇನೇನ? ಅವ್ವ ಬಾಗಲಾ ಬಡದು ಬಡದು ಕೈ ಬಾತಾವು, ನೋಡೀ ಇಲ್ಲೋ?"

ಅದೂ ನಿಜ. ಕಸ್ತೂರವ್ವನ ಗೆಣ್ಣುಗಳು ನೀಲಿಗಟ್ಟಿದ್ದವು. ಸಿಂಚನಾ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತು ಹೂಲಿಯವರನ್ನು ಕೇಳಿದಳು. "ಹಾಲಿನ ವಾಸನಿ ಬೇಕಂದ್ರ ಹಾಲು ಕಾಸೂದಲ್ಲೇನ್ರಿ? ನಿಮ್ಮ ಅಡಿಗಿಮನ್ಯಾಗ ಹಾಲು ಕಾಸೂದಿಲ್ಲೇನು?"

"ಕಾಸ್ತೀವಿ. ಆದ್ರ ನಮ್ಮದು ಉಕ್ಕೂದಿಲ್ಲ." ಹೂಲಿಯವರ ದನಿಯಲ್ಲಿ ಹೆಮ್ಮೆಯೂ ಇತ್ತು. "ಮುಚ್ಚಿದ ಕೊಪ್ಪರಿಗಿ, ತಾಪಮಾನ ಯಂತ್ರಾನ ನೋಡ್ಕೋತದ. ಈ ಕಟ್ಟಡ ಕಟ್ಟಿದಾಗಿಂದ ನಮ್ಮ ಅಡಿಗಿಮನ್ಯಾಗ ಒಂದು ಹನಿ ಹಾಲು ಉಕ್ಕಿಲ್ರಿ."

"ಹಂಗಾರ ಇವತ್ತ ಉಕ್ಕಸೋಣ."

"ಆಗೂದಿಲ್ರಿ ಮೇಡಂ. ತೆರೆದ ಒಲಿ, ಹೊಗಿ, ಸುರಕ್ಷತಾ ನಿಯಮ..."

ಸಿಂಚನಾ ಎದ್ದು ನಿಂತಳು. ಬೆನ್ನು ಚುಚ್ಚಿತು, ಮೇಜು ಹಿಡಿದಳು. ದನಿ ಏರಿಸಲಿಲ್ಲ. "ಹಿರೀ ಮನಿಷ್ಯಾಳ ಮಿದುಳಾಗಿಂದ ಸೊಸಿ ಕೈ ಕಿತ್ತು ಹಾಕಲಿಕ್ಕೆ ನಿಮ್ಮ ನಿಯಮದಾಗ ಜಾಗಾ ಅದ. ಒಂದು ಪಾತೇಲಿ ಹಾಲು ಉಕ್ಕಲಿಕ್ಕೆ ಜಾಗಾ ಇಲ್ಲ. ಇದನ್ನ ಬರದ ಕೊಡ್ರಿ ನನಗ, ನಿಮ್ಮ ಸಹಿ ಹಾಕಿ. ಬ್ಯಾರೆ ಮನಿಯವರಿಗೂ ತೋರಸ್ತೀನಿ."

ಹೂಲಿಯವರು ಮುಬೀನಾರತ್ತ ನೋಡಿದರು, ಅವರಾದರೂ ತನ್ನ ಪರ ಮಾತಾಡಬಹುದೆಂದು. ಮುಬೀನಾ ಪರದೆಯನ್ನೇ ನೋಡುತ್ತಿದ್ದರು. "ಊಟದ ಕೋಣಿ ದೊಡ್ಡದದ" ಎಂದರು. "ಕಿಟಕಿ ತೆಗೀರಿ. ನೋಡೂಣ."

ನರ್ಸುಗಳ ಒಲೆ ಊಟದ ಕೋಣೆಗೆ ಬಂತು. ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದವರನ್ನೆಲ್ಲ ಕರೆತಂದು ಕೂರಿಸಿದರು; ಕೂರಿಸಿದಷ್ಟೇ ಬೇಗ ಅವರು ಏಳುತ್ತಿದ್ದರು. ನಿವೃತ್ತ ವಕೀಲರಾದ ದೇಸಾಯಿಯವರು ಯಾರೋ ತಮ್ಮನ್ನು ಅಕ್ರಮವಾಗಿ ಕೂಡಿಹಾಕಿದ್ದಾರೆಂದು ಹೇಳುತ್ತಿದ್ದರು. ಶಾಲಾ ಶಿಕ್ಷಕಿಯಾಗಿದ್ದ ಫಿಲೋಮಿನಾ ಬಾಯಿಯವರು ಚೀಲವನ್ನು ಎದೆಗೊತ್ತಿಕೊಂಡು ಅಳುತ್ತಿದ್ದರು. ಗೋಡೆಯ ಪಕ್ಕದ ಸಾಲಿನಲ್ಲಿ, ನಾಟಿ ಚೆನ್ನಾಗಿ ಹಿಡಿದಿದ್ದ ಹಳಬರು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

ಹಾಲು ಉಬ್ಬಿತು. ಸಿಂಚನಾ ಒಲೆ ಆರಿಸಲಿಲ್ಲ. ಅದು ಅಂಚು ದಾಟಿ, ಪಾತ್ರೆಯ ಮೈಮೇಲೆ ಇಳಿದು, ಸುರುಳಿಗೆ ತಾಗಿ ಸುಟ್ಟಿತು.

ದೇಸಾಯಿಯವರ ವಾದ ಅರ್ಧಕ್ಕೆ ನಿಂತಿತು. ಫಿಲೋಮಿನಾ ಬಾಯಿಯವರು ಚೀಲವನ್ನು ಮೇಜಿನ ಮೇಲಿಟ್ಟರು. ಒಬ್ಬೊಬ್ಬರ ಭುಜವೂ ಇಳಿಯುವುದು, ಕಣ್ಣು ಒಂದೆಡೆ ನಿಲ್ಲುವುದು ಎಲ್ಲರಿಗೂ ಕಾಣಿಸಿತು. ಬಾಗಿಲ ಬಳಿಯಿದ್ದ ಕಸ್ತೂರವ್ವ ತಿರುಗಿ, ಸೆರಗು ಸರಿಮಾಡಿಕೊಂಡು, ಕೋಣೆಯ ನಡುವಿಗೆ ಬಂದರು. ಸುತ್ತ ಕಣ್ಣಾಡಿಸಿದರು. ಮುಖದಲ್ಲಿ ಸಂಕೋಚ ಮೂಡಿತು.

"ಅಯ್ಯ, ಇಷ್ಟು ಮಂದಿ ಬಂದೀರಿ, ನಾ ನೋಡೇ ಇಲ್ಲ! ಯಾಕ ನಿಂತೀರಿ? ಕೂಡ್ರಿ, ಕೂಡ್ರಿ."

"ನೀವು ಕೂಡ್ರಿ" ಎಂದರು ದೇಸಾಯಿಯವರು ಕುರ್ಚಿ ಎಳೆದು. "ನಮ್ಮ ಮನಿಗೆ ಬಂದು ನೀವು ನಿಂದರೂದು ಚಂದ ಕಾಣೂದಿಲ್ಲ."

"ನಿಮ್ಮ ಮನಿ? ಯಾರ ಹೇಳಿದ್ರು? ಇದು ನಮ್ಮದು!" ಎಂದರು ಫಿಲೋಮಿನಾ ಬಾಯಿಯವರು. ಆದರೆ ಜಗಳಕ್ಕೆ ಇಳಿಯಲಿಲ್ಲ. ಅತಿಥಿಯ ಜೊತೆ ಜಗಳ ಮಾಡುವುದೆಂದರೇನು? "ಇರಲಿ ಬಿಡ್ರಿ. ಚಹಾ ಕುಡದ ಹೋಗ್ರಿ."

ಅಲ್ಲಿಗೆ ಯಾರೂ ಎಣಿಸದ್ದು ಶುರುವಾಯಿತು. ಮುದ್ರೆ ಬಿದ್ದದ್ದು ವಾಸನೆಯ ಮೇಲೆ, ಮನುಷ್ಯರ ಮೇಲಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಇದು ಸ್ವಂತ ಮನೆ, ಉಳಿದವರೆಲ್ಲ ಬಂದ ನೆಂಟರು. ಕೋಣೆಯ ತುಂಬ ಮನೆಯ ಯಜಮಾನರೇ. ಅತಿಥಿ ಒಬ್ಬರೂ ಇಲ್ಲ. ವಕೀಲರು ಪರಿಚಾರಕನ ಕೈಯಿಂದ ತಟ್ಟೆ ಕಸಿದುಕೊಂಡು ಎಲ್ಲರಿಗೂ ಬಿಸ್ಕತ್ತು ಹಂಚಲು ಹೊರಟರು. ತಮಗೆ ಬೇಡವೆಂದವರಿಗೆ "ನಾಚಕೋಬ್ಯಾಡ್ರಿ" ಎಂದು ಎರಡೆರಡು ಹಾಕಿದರು. ಲೋಟ ತೊಳೆಯುವ ಸರದಿಗೆ ಇಬ್ಬರು ಅಜ್ಜಿಯರು ಪೈಪೋಟಿಗೆ ಬಿದ್ದರು. ಆ ವಾರ ಚಮಚದಲ್ಲಿ ತಿನ್ನಿಸಿದರೂ ಬಾಯಿ ತೆರೆಯದವರು, ಅತಿಥಿಗೆ ಮುಜುಗರವಾಗದಿರಲೆಂದು ಜೊತೆಗೆ ಕೂತು ತಿಂದರು.

ಕಸ್ತೂರವ್ವ ಒಂದು ಲೋಟ ಹಾಲು ಹಿಡಿದು ಗೋಡೆಯ ಪಕ್ಕದ ಸಾಲಿಗೆ ಹೋದರು. ತಲೆ ತಗ್ಗಿಸಿ ಕೂತಿದ್ದ ಒಬ್ಬಾಕೆಯ ಭುಜ ತಟ್ಟಿದರು. "ಎಲ್ಲೀತನಾ ಹೊಂಟೀರಿ? ಬಾಯಿ ಒಣಗೇದಲ್ಲ. ಕುಡೀರಿ ಇಷ್ಟು." ಆಕೆ ತಲೆ ಎತ್ತಿ, ತುಂಬ ಹೊತ್ತು ನೋಡಿ, ಲೋಟ ತೆಗೆದುಕೊಂಡಳು.

ಮುಬೀನಾ ಅದನ್ನು ನೋಡಿದರು. ಅವರ ಮುಖ ಬಿಳುಚಿತ್ತು. "ಆಕಿ ನನ್ನ ಮೊದಲನೇ ಯಶಸ್ಸು" ಎಂದರು ಸಿಂಚನಾಗೆ. "ಪ್ರಬಂಧದಾಗ ಆಕಿದ ಗೆರಿ ಹಾಕೀನಿ. ಬಂದ ಮರುದಿನದಿಂದ ಮನಿಗೆ ಹೋಗತೀನಿ ಅಂದಿಲ್ಲ."

"ಬ್ಯಾರೆ ಏನರೇ ಅಂದಾರೇನು?"

ಮುಬೀನಾ ಇಲ್ಲವೆಂದು ತಲೆಯಾಡಿಸಿದರು.

"ನೀವು ಅವರಿಗೆ ಮನಿ ಕೊಡಲಿಲ್ರಿ ಡಾಕ್ಟರ. ಗೋಡಿ ಪರಿಚಯ ಮಾಡಿಸಿದ್ರಿ. ಯಾರೂ ಇಲ್ಲದ ಕೋಣ್ಯಾಗ, ಯಾವ ವಾಸನೀನೂ ಇಲ್ಲದನ, ನಮ್ಮನ್ನ ಗಾಜಿನ ಹಿಂದ ನಿಂದರಿಸಿ. ಆ ಸುಮ್ಮನಿರೂದೂ ನಾಟಿ ಆತು."

ಸಿಂಚನಾಳ ಮಾತಿನಲ್ಲಿ ಉಪ್ಪುಖಾರ ಇರಲಿಲ್ಲ. ಅದು ಸರಿಯೋ ಅಲ್ಲವೋ ಎಂಬುದಕ್ಕೆ ಪುರಾವೆ ಗೋಡೆಯುದ್ದಕ್ಕೂ ಕೂತಿತ್ತು.

ಹೂಲಿಯವರು ಕೈಯಲ್ಲಿ ಕಾಗದ ಹಿಡಿದು ಬಂದರು. "ಒಂದು ತೊಂದರಿ ಅದರಿ. ಇವರು ಈಗ ಮನಿಗೆ ಹೋಗ್ತೀವಿ ಅನ್ನಾಕ ಹತ್ತಿಲ್ಲ. ಆದ್ರ ಉಳದವರನ್ನೆಲ್ಲಾ ಯಾವಾಗ ಹೊಂಡ್ತೀರಿ ಅಂತ ಕೇಳಾಕ ಹತ್ಯಾರ. ಇದನ್ನ ನಾ ಏನಂತ ತುಂಬಲಿ? ನೆಲೆಗೊಂಡಾರೋ, ಇಲ್ಲೋ?"

ಅವರು ಬಾಗಿಲಲ್ಲಿ ನಿಂತಿದ್ದರು. ಕಸ್ತೂರವ್ವನ ಕಣ್ಣಿಗೆ ಬಿದ್ದರು.

"ಏ ಸರ, ಬಾಗಲಾಗ ಯಾಕ ನಿಂತೀರಿ? ಇಳಿಯೋರಿದ್ರ ಇಳೀರಿ, ನಿಮ್ಮ ಸ್ಟಾಪ್ ಬಂತು!"

ನಿಶಾಂತ ನಕ್ಕುಬಿಟ್ಟ. ಅದೇ ಹಳೇ ಬಸ್ಸಿನ ಗದರಿಕೆ; ನಗುತ್ತಿದ್ದಂತೆಯೇ ಕಣ್ಣೊರೆಸಿಕೊಂಡ. ಪೆನ್ನು ಜೇಬಿಗೆ ಹೋಯಿತು. ಹೂಲಿಯವರು ಕಾಗದ ಮಡಿಸಿದರು.

"ನಾಳೆನೂ ಉಕ್ಕಸಬೇಕು, ದಿನಾ ಉಕ್ಕಸಬೇಕು" ಎಂದಳು ಸಿಂಚನಾ. "ಆ ಗಾಜು ತೆಗೀರಿ. ಇನ್ನ ಮ್ಯಾಲೆ ಯಾರನ್ನ ಕೂಡಸಿದ್ರೂ ಮನಿಯವರು ಒಳಗಿರಬೇಕು."

"ಅದಕ್ಕ ನಿಯಮ..."

"ನಿಯಮಾ ಬರದವರು ನೀವ ಅಲ್ಲೇನು? ತಿದ್ದರಿ."

ಹೂಲಿಯವರಿಗೆ ಅಷ್ಟು ಅಂದದ್ದರಿಂದ ಅವಳ ಸಿಟ್ಟು ಮುಗಿಯಲಿಲ್ಲ. ಬಹುಶಃ ಮುಗಿಯುವಂಥದ್ದೂ ಅಲ್ಲ. ಏಕೆಂದರೆ ಆಗಲೇ ಕಸ್ತೂರವ್ವ ಅವಳ ಮುಂದೆ ಬಂದು ನಿಂತು, ಮುಖವನ್ನೇ ದಿಟ್ಟಿಸಿ, ಅಪರಿಚಿತರನ್ನು ಕೇಳುವ ಮರ್ಯಾದೆಯ ದನಿಯಲ್ಲಿ ಕೇಳಿದರು. "ನೀವು ಯಾರ ಪೈಕಿ ಆಗಬೇಕು?"

ಅತ್ತೆಗೆ ಮನೆ ಸಿಕ್ಕಿತ್ತು. ಆ ಮನೆಯಲ್ಲಿ ಸಿಂಚನಾ ನೆಂಟಳು. ಒಲೆಯ ಬಳಿ ಬಹಳ ಹೊತ್ತು ನಿಂತದ್ದರಿಂದ ಸೊಂಟ ಹಿಡಿದಿತ್ತು. ಒಂದು ಕೈ ತನ್ನಷ್ಟಕ್ಕೆ ಬೆನ್ನಿಗೆ ಹೋಯಿತು. ಕಸ್ತೂರವ್ವ ಅದನ್ನು ಗಮನಿಸಿದರು.

"ಬೆನ್ನು ನೋಯ್ತದೇನು? ಪಾಪ. ಬರ್ರಿ, ಇಲ್ಲೆ ಹೆಂಗಸರ ಸೀಟ್ ಖಾಲಿ ಅದ. ಏ ತಮ್ಮಾ, ಏಳು, ಅವರಿಗೆ ಕೂಡಲಿಕ್ಕೆ ಬಿಡು."

ನಿಶಾಂತ ಎದ್ದ. ಸಿಂಚನಾ ಕೂತಳು. ಬೆನ್ನು ಕೆಟ್ಟಂದಿನಿಂದ ಆ ನೋವಿನ ಬಗ್ಗೆ ಅವಳನ್ನು ಕೇಳಿದವರಲ್ಲಿ ವೈದ್ಯರನ್ನು ಬಿಟ್ಟರೆ ಇವರೇ ಮೊದಲನೆಯವರು.

ಹೊರಡುವ ಹೊತ್ತಾಯಿತು. "ಬರ್ತೀನ್ರಿ" ಎಂದು ಅವಳು ಏಳಹೊರಟಾಗ ಕಸ್ತೂರವ್ವ ಭುಜ ಒತ್ತಿ ಕೂರಿಸಿದರು. ಆಮೇಲೆ ಅವಳ ಮುಂದೆ ನೆಲದ ಮೇಲೆ, ಬೆನ್ನು ಅವಳ ಕಡೆ ಮಾಡಿ ಕೂತು, ಅರ್ಧ ಹೆಣೆದು ಬಿಟ್ಟಿದ್ದ ಹೆರಳನ್ನು ಹಿಂದಕ್ಕೆ ಎಸೆದರು.

ಬಂದ ನೆಂಟರ ಮುಂದೆ ಯಾವ ಮನೆಯ ಹೆಂಗಸೂ ಹೀಗೆ ತಲೆಯೊಡ್ಡಿ ಕೂರುವುದಿಲ್ಲ.

"ಲಗೂ ಹಾಕು" ಎಂದರು ಕಸ್ತೂರವ್ವ, ತಿರುಗದೆಯೇ. "ಬಿಗಿ ಇರಲಿ. ಡ್ಯೂಟಿಗೆ ಹೊತ್ತಾತು."